ರೊಟ್ಟಿ ಎತ್ತುವ ಜಾಗ

ನಮ್ಮವ್ವನ ಪ್ರಕಾರ ಆ ಇಂಗ್ಲಿಷ್ ಬ್ಯಾಂಡಿನವರು ತಮ್ಮ ಹಾಡನ್ನು ತಾವೇ ತಪ್ಪು ಬಾರಿಸಿದ್ದಾರೆ. ಉದ್ದ ಕೂದಲಿನ ಗಂಡಸರು, ನಾನು ಹುಟ್ಟುವ ಎಷ್ಟೋ ಮೊದಲೇ ಗಿಟಾರು ಹಿಡಿದು ಲೋಕವನ್ನೆಲ್ಲ ಕುಣಿಸಿದವರು. ಮೊಬೈಲಿನಲ್ಲಿ ಅವರ ವಿಡಿಯೊ ಹಚ್ಚಿ ಒಲೆಯ ಮುಂದೆ ಕುಳಿತಿದ್ದ ಅವ್ವನ ಮುಖದ ಹತ್ತಿರ ಹಿಡಿದೆ. ಹಿಟ್ಟಿನ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಅವ್ವ ಪೂರ್ತಿ ಕೇಳಿದಳು.

"ಅಡ್ಡಿಯಿಲ್ಲ, ಬಾರಸ್ತಾರ. ಆದ್ರ ನಡುವ ತಪ್ಪಿದ್ರು."

"ಅವ್ವಾ, ಹಾಡ ಅವರದ!"

"ಅವರದ ಇದ್ರ ಏನಾತು? ನಿಮ್ಮಣ್ಣ ಬಾರಿಸಿದಂಗ ಬರಲಿಲ್ಲ."

ಅಣ್ಣ ಹೋಗಿ ಆಗ ಒಂದು ಮಳೆಗಾಲ ಕಳೆದಿತ್ತು.

ನಮ್ಮ ಊರು ಸವದತ್ತಿಗೂ ನವಿಲುತೀರ್ಥಕ್ಕೂ ನಡುವೆ. ಅಣ್ಣನಿಗೆ ಈ ಹಾಡುಗಳ ಹುಚ್ಚು ಹಿಡಿದದ್ದು ಅಣೆಕಟ್ಟಿನ ಕ್ವಾರ್ಟರ್ಸಿನಲ್ಲಿ. ಅವನು ಅಲ್ಲಿ ಹಾಲು ಹಾಕಲು ಹೋಗುತ್ತಿದ್ದಾಗ ಒಬ್ಬ ಎಂಜಿನಿಯರರಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಅವರು ಒಂದು ರಟ್ಟಿನ ಡಬ್ಬಿ ತುಂಬ ಹಳೆಯ ರಾಕ್ ಕ್ಯಾಸೆಟ್ಟುಗಳನ್ನು ಇವನ ಕೈಗಿಟ್ಟು ಹೋದರು. ಇಂಗ್ಲಿಷಿನಲ್ಲಿ ಅಣ್ಣನಿಗೆ ಪೂರ್ತಿ ತಿಳಿಯುತ್ತಿದ್ದ ಶಬ್ದವೆಂದರೆ 'ಯೆಸ್' ಒಂದೇ. ಆದರೂ ಆ ಹಾಡುಗಳಲ್ಲಿ ಯಾರು ಎಲ್ಲಿ ಅಳುತ್ತಾರೆ, ಯಾರು ಎಲ್ಲಿ ಬೈಯುತ್ತಾರೆ ಎಂದು ನನಗೆ ಬಿಡಿಸಿ ಹೇಳುತ್ತಿದ್ದ. ದೊಡ್ಡವನಾಗಿ ಟ್ರ್ಯಾಕ್ಟರ್ ಹೊಡೆಯತೊಡಗಿದ ಮೇಲೆ ಅದೇ ಹಾಡುಗಳು ಟ್ರ್ಯಾಕ್ಟರಿನ ಡಬ್ಬಿ ಸ್ಪೀಕರಿಗೆ ಬಂದವು. ಊರಿನ ಉಳಿದ ಟ್ರ್ಯಾಕ್ಟರುಗಳು ಜಾನಪದ ಹಾಡು ಹಚ್ಚಿಕೊಂಡು ಹೋದರೆ ನಮ್ಮದು ಮಾತ್ರ ಇಂಗ್ಲಿಷಿನಲ್ಲಿ ಚೀರುತ್ತ ಬರುತ್ತಿತ್ತು. ಕಟ್ಟೆಯ ಮೇಲಿನ ಮುದುಕರು, "ಸರೀರಪಾ, ಹಾದಿ ಬಿಡ್ರಿ, ಇಂಗ್ಲೆಂಡ್ ರಾಣಿಯವರ ಗಾಡಿ ಬಂತು" ಎನ್ನುತ್ತಿದ್ದರು.

ಕಿತ್ತೂರಿನ ಒಂದು ಆರ್ಕೆಸ್ಟ್ರಾ ಒಡೆದುಹೋದಾಗ ಅವರ ಕೆಂಪು ಎಲೆಕ್ಟ್ರಿಕ್ ಗಿಟಾರು ಅಣ್ಣನ ಪಾಲಿಗೆ ಬಂತು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ, ಬಾಗಿಲು ಬಡಿದಂತೆ ಬಡಿದು ನೋಡಿದ.

"ಇದಕ್ಕ ಹೊಟ್ಟಿನ ಇಲ್ಲಲ್ಲೋ! ಏಕತಾರಿಗಾದ್ರೂ ಸೋರಿ ಬುರಡಿ ಇರ್ತೈತಿ. ಇದು ಬರೇ ಹಲಗಿ."

"ಇದು ಕರೆಂಟ್ ಮ್ಯಾಲ ನಡೀತೈತಪ್ಪ."

"ಹಂಗಾದ್ರ ನಮ್ಮೂರಾಗ ಇದು ಉಪವಾಸ ಬೀಳೂದ ಖರೆ."

ಅಣ್ಣನ ಎಡಗೈಯ ಉಂಗುರದ ಬೆರಳು ಅರ್ಧವೇ ಇತ್ತು. ಚಿಕ್ಕವನಿದ್ದಾಗ ಎಮ್ಮೆಗೆ ಕಣಿಕೆ ಕತ್ತರಿಸುವ ಯಂತ್ರಕ್ಕೆ ಸಿಕ್ಕಿತ್ತು. ಕಣಿಕೆ ಒಳಗೆ ನೂಕುತ್ತಿದ್ದವನು ಅಣ್ಣ, ಚಕ್ರ ತಿರುಗಿಸುತ್ತಿದ್ದವಳು ಅವ್ವ. ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ ತೆಗೆಯುವುದಿಲ್ಲ. ನಾನೂ ಇಲ್ಲಿ ಹೇಳಿ ಮುಗಿಸಿಬಿಟ್ಟೆ.

ಮುಂಜಾನೆ ಕರೆಂಟು ಇದ್ದರೆ ಅಣ್ಣ ಪಡಸಾಲೆಯಲ್ಲಿ ಕುಳಿತು ಆ ಉದ್ದ ಕೂದಲಿನವರ ಅದೊಂದೇ ಹಾಡಿನ ಶುರುವಾತಿನ ತುಂಡನ್ನು ಬಾರಿಸುತ್ತಿದ್ದ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಟಪಟ ಪಟಪಟ ಎಂದು ಅವಳ ಕೈ, ಅದರ ಮೇಲೆ ಗಿಟಾರು. ಹಾಸಿಗೆಯಲ್ಲಿ ಮುಸುಕು ಹಾಕಿಕೊಂಡಿದ್ದ ನನಗೆ ಎರಡೂ ಶತ್ರುಗಳೇ. "ಏಳಲೇ ಖೋಡಿ, ಸೂರ್ಯ ನಿನ್ನ ಕುಂಡಿ ಸುಡಾಕತ್ತೈತಿ" ಎಂದು ಅಣ್ಣ ಅಲ್ಲಿಂದಲೇ ಕೂಗಿ, ಸ್ಪೀಕರನ್ನು ನನ್ನ ಕಡೆ ತಿರುಗಿಸುತ್ತಿದ್ದ.

ಅವನು ಮದುವೆಗಳಲ್ಲಿ ಬಾರಿಸುವ ಒಂದು ಮೆಲೊಡಿ ತಂಡ ಸೇರಿದಾಗ ವೈರು ಹೊರುವ ಕೆಲಸ ನನಗೆ ಬಂತು. ಬೈಲಹೊಂಗಲದ ಒಂದು ಮದುವೆಯಲ್ಲಿ ಸ್ವಾಮಿಗಳ ಮೈಕಿನ ವೈರನ್ನು ನಾನು ಅಣ್ಣನ ಗಿಟಾರಿನ ದನಿ ಒಡೆಯುವ ಪೆಟ್ಟಿಗೆಗೆ ಜೋಡಿಸಿಬಿಟ್ಟೆ. ಸ್ವಾಮಿಗಳು ಬಾಯಿ ತೆರೆದರು. ಆಶೀರ್ವಚನವು ಹುಲಿಗೆ ನೆಗಡಿಯಾದಂತೆ ಘರ್ಜಿಸುತ್ತ ಹೊರಬಂತು. ಮುತ್ತೈದೆಯರ ಕೈಯ ಅಕ್ಷತೆ ಕೈಯಲ್ಲೇ ಉಳಿಯಿತು, ಮೆರವಣಿಗೆಯ ಕುದುರೆ ಹಗ್ಗ ಕಿತ್ತುಕೊಂಡು ಓಡಿತು, ಮದುಮಗ ಅರ್ಧ ಎದ್ದು ನಿಂತ. ಮುಗಿದ ಮೇಲೆ ಸ್ವಾಮಿಗಳು ಅಣ್ಣನನ್ನು ಕರೆದು, "ಇವತ್ತ ನಮ್ಮ ಧ್ವನಿ ಭಾಳ ಗಂಭೀರ ಬಂತಲ್ಲ, ಯಾವ ಮೈಕ್ ಅದು?" ಎಂದರಂತೆ. ಅಣ್ಣ ರಾಮದುರ್ಗದ ಮುಂದಿನ ಮದುವೆಯವರೆಗೂ ನಗುತ್ತಿದ್ದ. ಬೈಯಲಿಲ್ಲ. ನನ್ನ ತಪ್ಪುಗಳಿಗೆ ಅವನೇ ಮೊದಲ ಗಿರಾಕಿ.

ಹೋದ ಬೇಸಿಗೆಯಲ್ಲಿ ಅಣ್ಣ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಅಪ್ಪ ಆಚೆ ಬದುವಿನಲ್ಲಿ ಮುಳ್ಳು ಕಡಿಯುತ್ತಿದ್ದ. ಹಾಡು ದೂರ ಹೋಗುವುದು, ಹತ್ತಿರ ಬರುವುದು, ಮತ್ತೆ ದೂರ ಹೋಗುವುದು. ಅಪ್ಪನಿಗೆ ಅದು ಗಡಿಯಾರವಿದ್ದಂತೆ. ಎಷ್ಟೋ ಹೊತ್ತಾದ ಮೇಲೆ ಹಾಡು ಒಂದೇ ಕಡೆಯಿಂದ ಬರುತ್ತಿದೆಯಲ್ಲ ಎನ್ನಿಸಿತಂತೆ. ಹೋಗಿ ನೋಡಿದರೆ ಟ್ರ್ಯಾಕ್ಟರು ಬದುವಿಗೆ ಮುಖ ಹಚ್ಚಿ ಬಂದ್ ಬಿದ್ದಿತ್ತು. ಅಣ್ಣ ಸ್ಟೇರಿಂಗ್ ಮೇಲೆ ಒರಗಿದ್ದ. ಹಾಡು ನಡೆದೇ ಇತ್ತು. ಎದೆಬಡಿತ ನಿಂತಿತ್ತು ಎಂದು ಆಸ್ಪತ್ರೆಯವರು ಹೇಳಿದರು. ಅವನಿಗೆ ಹೆಣ್ಣು ನೋಡುತ್ತಿದ್ದೆವು.

ಅಪ್ಪ ಆ ಡಬ್ಬಿ ಸ್ಪೀಕರನ್ನು ಕಿತ್ತು ಅಟ್ಟದ ಮೇಲೆ ಹಾಕಿದ. ಅವ್ವ ಗಿಟಾರನ್ನು ಗೂಟದಿಂದ ಇಳಿಸಲು ಬಿಡಲಿಲ್ಲ. ಅವಳು ಹೆಚ್ಚು ಅಳಲೂ ಇಲ್ಲ. ಆದರೆ ರೊಟ್ಟಿ ಕೆಟ್ಟವು. ತಾಲೂಕಿಗೇ ತೆಳ್ಳಗೆ ಬಡಿಯುವವಳು ಎಂದು ಹೆಸರಾದ ನಮ್ಮವ್ವನ ರೊಟ್ಟಿ ಹಂಚಿಗೆ ಹಾಕುವಾಗ ಹರಿಯತೊಡಗಿದವು. ಹರಿದದ್ದನ್ನೇ ತಿಂದೆವು.

ಮಹಾನವಮಿ ಬಂತು. "ಹಬ್ಬ ಬ್ಯಾಡ, ಆದ್ರ ಹತ್ಯಾರ ತೊಳದು ಪೂಜಿ ಮಾಡೂದು ಬಿಡಬಾರದು" ಎಂದಳು ಅವ್ವ. ನಾನು ಸವದತ್ತಿಯ ಬಸ್ ನಿಲ್ದಾಣದ ಹತ್ತಿರದ ನನ್ನ ಮೊಬೈಲ್ ಅಂಗಡಿ ಮುಚ್ಚಿ ಮನೆಗೆ ಬಂದೆ. ಹಿತ್ತಲಲ್ಲಿ ಕುಡುಗೋಲು, ಕೊಡಲಿ, ಗುದ್ದಲಿಗಳು ಸಾಲಾಗಿ ಒದ್ದೆಯಾಗಿ ಮಲಗಿದ್ದವು. ಅವುಗಳ ಪಕ್ಕದಲ್ಲಿ ಗಿಟಾರು. ಅವ್ವ ಅದಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಿ, ಮೂರು ಕೊಡ ನೀರು ಹೊಯ್ದು, ವಿಭೂತಿ ಎಳೆದಿದ್ದಳು. ಗಿಟಾರಿನ ಎಲ್ಲ ತೂತುಗಳಿಂದ ನೀರು ಇಳಿಯುತ್ತಿತ್ತು.

"ಅವ್ವಾ! ಇದು ಕರೆಂಟಿಂದ!"

"ನಿಮ್ಮಣ್ಣನ ಹತ್ಯಾರ ಅದು," ಎಂದಳು ಅವ್ವ.

ಈಗ ನನ್ನ ವಿದ್ಯೆ ಹೊರಬಂತು. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಹೂಳಬೇಕು ಎಂದು ಗಿರಾಕಿಗಳಿಗೆಲ್ಲ ಉಪದೇಶ ಮಾಡುವವನು ನಾನು. ಗಿಟಾರು ಮುಳುಗುವಷ್ಟು ಅಕ್ಕಿ ನಮ್ಮ ಮನೆಯಲ್ಲೆಲ್ಲಿ? ಅದಕ್ಕೇ ಜೋಳದ ಚೀಲದಲ್ಲಿ ಕುತ್ತಿಗೆಯವರೆಗೂ ಹೂಳಿದೆ. ಅಪ್ಪ ಬಂದು ಚೀಲದಿಂದ ಹೊರಗೆ ಇಣುಕುತ್ತಿದ್ದ ಅದರ ತಲೆಯನ್ನು ನೋಡಿದ.

"ಬಿತ್ತಿದೇನು? ಯಾವಾಗ ಬೆಳಿ ಬರ್ತೈತಿ?"

ಅಣ್ಣ ಹೋದ ಮೇಲೆ ಅಪ್ಪ ಆಡಿದ ಮೊದಲ ತಮಾಷೆ ಅದು. ಆಡಿದವನೇ ಹೊರಗೆ ಹೋಗಿ ಎಮ್ಮೆಯ ಹತ್ತಿರ ಬಹಳ ಹೊತ್ತು ನಿಂತಿದ್ದ.

ಒಣಗಿದ ಗಿಟಾರಿಗೆ ಹುಬ್ಬಳ್ಳಿಯಿಂದ ಹೊಸ ತಂತಿ ತಂದು ಹಾಕಿದೆ. ಲೌಡ್‌ಸ್ಪೀಕರ್ ಅಂಗಡಿಯಲ್ಲಿ ಒಳಗಿನ ವೈರಿಗೆ ಬೆಸುಗೆ ಹಾಕಿಸಿದೆ. ಅದು ಬದುಕಿತು. ಆದರೆ ಎತ್ತಿ ಹಿಡಿದಾಗಲೆಲ್ಲ ವೈರು ಚುಚ್ಚುವ ತೂತಿನಿಂದ ಜೋಳದ ಕಾಳು ಉದುರುತ್ತಿದ್ದವು. ನಾನು ಗಿಟಾರು ಹಿಡಿದರೆ ಸಾಕು, ಮನೆಯ ಕೋಳಿಗಳು ಬಂದು ಪಡಸಾಲೆಯಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ನನ್ನ ಅಭಿಮಾನಿ ಬಳಗ ಎಂದರೆ ಇಂದಿಗೂ ಅಷ್ಟೇ.

ಬಾರಿಸಬೇಕು ಎಂದು ನಾನು ಅಂದುಕೊಂಡಿರಲಿಲ್ಲ. ಅವ್ವ ಒಂದು ಮುಂಜಾನೆ, ಹರಿದ ರೊಟ್ಟಿಯನ್ನು ಹಂಚಿನ ಮೇಲೆ ಬೆರಳಿನಿಂದ ಜೋಡಿಸುತ್ತ, ನನ್ನ ಕಡೆ ನೋಡದೆ ಅಂದಳು:

"ಅದೊಂದು ಬಾರ್ಸಾಕ ಬರ್ತೈತೇನ ನಿನಗ? ಅವನು ಮುಂಜಾನಿ ಬಾರಸ್ತಿದ್ದನಲ್ಲ, ಅದು. ಒಮ್ಮೆ ಕೇಳಬೇಕಾಗೈತಿ."

ಅವ್ವ ನನ್ನ ಹತ್ತಿರ ಏನನ್ನೂ ಕೇಳುವವಳಲ್ಲ. ಉಪ್ಪು ತರಲು ಹೇಳಿದರೆ ಸಾಬೂನು ತರುವ ಮಗನನ್ನು ಯಾರು ಏನು ಕೇಳುತ್ತಾರೆ? ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ವಿಡಿಯೊ ನೋಡಿ ಕಲಿತೆ. ಬೆರಳ ತುದಿ ಬಾತು, ನನ್ನ ಫೋನೇ ನನ್ನ ಬೆರಳಿಗೆ ತೆರೆಯದಾಯಿತು. ಚಳಿಗಾಲ ಬರುವ ಹೊತ್ತಿಗೆ ಆ ತುಂಡು, ನನ್ನ ಬಾಳಿನಲ್ಲೇ ಮೊದಲ ಸಲ, ಒಂದೂ ತಪ್ಪಿಲ್ಲದೆ ಬಂತು. ಮುಂಜಾನೆ ಪಡಸಾಲೆಯಲ್ಲಿ ಕುಳಿತು ಬಾರಿಸಿದೆ. ಒಳಗೆ ಪಟಪಟ ಶುರುವಾಯಿತು. ನಡುವೆ ನಿಂತಿತು.

"ಇದು ಅದಲ್ಲ," ಎಂದಳು ಅವ್ವ.

ಆಗಲೇ ನಾನು ಆ ಉದ್ದ ಕೂದಲಿನವರ ವಿಡಿಯೊ ತೋರಿಸಿದ್ದು. ಅವರೂ ನಪಾಸಾದರು.

"ಎಲ್ಲಿ ತಪ್ಪೈತಿ ಹೇಳವ್ವ."

"ನಡುವ ಒಂದ ಕಡೆ ನಿಂದರತಿದ್ದ ಅವನು. ಒಂದೆರಡ ಉಸರು. ನಾ ರೊಟ್ಟಿ ಎತ್ತಿ ಹಂಚಿಗಿ ಹಾಕೂದು ಅಲ್ಲೆ. ಈಗ ನೀ ನಿಂದರೂದ ಇಲ್ಲ. ಯಾವಾಗ ಎತ್ತಲಿ?"

ನನಗೆ ನಗು ಬಂತು, ಬಾಯಿ ಮುಚ್ಚಿಕೊಂಡೆ. ಅಣ್ಣ ದಿನಾ ಒಂದೇ ಜಾಗದಲ್ಲಿ ಎಡವುತ್ತಿದ್ದ. ಆ ಎಡವಿಗೆ ಅವ್ವ ಇಷ್ಟು ವರ್ಷ ರೊಟ್ಟಿ ಎತ್ತುತ್ತಿದ್ದಳು. ಸರಿ, ಎಡವುವುದು ನನಗೇನು ಕಷ್ಟ? ಹುಟ್ಟಿದಾಗಿನಿಂದ ಮಾಡಿದ್ದು ಅದನ್ನೇ. ಆದರೆ ನಂಬಿ, ನನ್ನ ಕೈಗೆ ಆ ಒಂದು ತಪ್ಪು ಸಿಗಲಿಲ್ಲ. ಬೇಕೆಂದು ನಿಂತರೆ ಹೆಚ್ಚು ನಿಲ್ಲುತ್ತಿದ್ದೆ, ಬೇಗ ಹೊರಟರೆ ಸರಿಯಾಗಿಬಿಡುತ್ತಿತ್ತು. ಒಳಗಿನಿಂದ ದಿನಾ ತೀರ್ಪು ಬರುತ್ತಿತ್ತು: "ಹೂಂಹೂಂ." "ಅಲ್ಲ." "ಸುಮ್ನ ಅಂಗಡಿಗೆ ಹೋಗು."

ಒಂದು ದಿನ ಅಂಗಡಿಯಲ್ಲಿ ಮೊಬೈಲಿನ ಹಳೆಯ ಗಾಜು ಕೀಳುವಾಗ ಬ್ಲೇಡು ಜಾರಿತು. ಎಡಗೈಯ ಉಂಗುರದ ಬೆರಳು ಸೀಳಿತು. ರಕ್ತ ನೋಡಿ ಗಿರಾಕಿ ಗಟ್ಟಿಯಾಗಿಯೇ ನಿಂತಿದ್ದ, ತಲೆ ತಿರುಗಿ ಬಿದ್ದವನು ನಾನು. ಅವನೇ ನನಗೆ ಸೋಡಾ ಕುಡಿಸಿ, ಬೆರಳಿಗೆ ದಪ್ಪ ಪಟ್ಟಿ ಹಾಕಿಸಿ ಕರೆತಂದ.

ಮರುದಿನ ಮುಂಜಾನೆ ಆ ಪಟ್ಟಿಯ ಬೆರಳನ್ನು ಮೇಲೆತ್ತಿಕೊಂಡೇ ಬಾರಿಸತೊಡಗಿದೆ. ಉಂಗುರದ ಬೆರಳು ಒತ್ತಬೇಕಾದ ಜಾಗ ಬಂತು. ಅದು ಬಾರದು. ಕಿರುಬೆರಳು ಅಷ್ಟು ದೂರದಿಂದ ಜಾರಿಕೊಂಡು ಬರಬೇಕು. ಬರುವಷ್ಟರಲ್ಲಿ ಒಂದೆರಡು ಉಸಿರಿನಷ್ಟು ತಡವಾಯಿತು.

ಒಳಗೆ ಪಟಪಟ ನಿಂತಿತು. ಹಂಚಿನ ಮೇಲೆ ರೊಟ್ಟಿ ಬಿದ್ದ ಮೆತ್ತಗಿನ ಸಪ್ಪಳ ಕೇಳಿತು. ಮತ್ತೆ ಪಟಪಟ ಶುರುವಾಯಿತು.

"ಹಾಂ," ಎಂದಳು ಅವ್ವ.

ಅಣ್ಣ ಎಡವುತ್ತಿರಲಿಲ್ಲ. ಇಲ್ಲದ ಬೆರಳಿನ ಜಾಗವನ್ನು ದಾಟುತ್ತಿದ್ದ. ನಾನು ನಿಲ್ಲಿಸಲಿಲ್ಲ. ಹಿಟ್ಟು ಮುಗಿಯುವವರೆಗೂ ಬಾರಿಸಿದೆ. ಆ ದಿನ ಬುಟ್ಟಿಯಲ್ಲಿ ಒಂದು ರೊಟ್ಟಿಯೂ ಹರಿದಿರಲಿಲ್ಲ. ಊಟಕ್ಕೆ ಕುಳಿತ ಅಪ್ಪ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಅವನಿದ್ದಾಗಿನಂಗ ಐತಿ" ಎಂದು ಮುರಿಯದೆ ಕೆಳಗಿಟ್ಟು, ಬರೀ ಅನ್ನ ಉಂಡು ಎದ್ದ.

ಗಾಯ ಮಾಯಿತು. ಪಟ್ಟಿ ಬಿಚ್ಚಿದರೆ ಹಾಡು ಮತ್ತೆ ಸರಿಯಾಗಿಬಿಡುತ್ತದೆ ಎಂಬ ಭಯ ನನಗೆ. ಅದಕ್ಕೇ ಅಂಗಡಿಯಲ್ಲಿ ಬಿಚ್ಚಿಕೊಂಡಿದ್ದರೂ ಮುಂಜಾನೆ ಅವ್ವನ ಹಳೆಯ ಸೀರೆಯ ಅಂಚಿನಿಂದ ಬೆರಳನ್ನು ಮಡಚಿ ಕಟ್ಟಿಕೊಂಡು ಕುಳಿತುಕೊಳ್ಳುತ್ತಿದ್ದೆ. ಹೀಗೆಯೇ ಸಂಕ್ರಾಂತಿ ದಾಟಿತು. ರೊಟ್ಟಿ ಚೆನ್ನಾಗಿ ಬರುತ್ತಿದ್ದವು. ನಾನು ಮೊದಲ ಸಲ ಮನೆಗೆ ಉಪಯೋಗಕ್ಕೆ ಬಿದ್ದೆ ಎಂದು ಒಳಗೊಳಗೇ ಉಬ್ಬಿದ್ದೆ.

ಒಂದು ಮುಂಜಾನೆ ಹಲ್ಲಿನಿಂದ ಗಂಟು ಬಿಗಿಯುತ್ತಿದ್ದೆ. ಅವ್ವ ನೀರಿನ ತಂಬಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದು ನೋಡಲಿಲ್ಲ.

"ಅದು ಮಾದು ಎಷ್ಟು ದಿನಾತು?"

"ಇಲ್ಲವ್ವ, ಇನ್ನಾ ಸ್ವಲ್ಪ ನೋಯ್ತೈತಿ."

"ಸುಳ್ಳ ಹೇಳಬ್ಯಾಡ. ಕೈ ತಾ ಇಲ್ಲೆ."

ತಂಬಿಗೆ ಕೆಳಗಿಟ್ಟು ನನ್ನ ಎದುರು ಕುಳಿತಳು. ಕೋಳಿಗಳು ಬಂದು ಸುತ್ತ ನಿಂತವು. ಗಂಟು ಬಿಗಿಯಾಗಿತ್ತು, ಉಗುರು ಹಾಕಿ ಬಿಚ್ಚಿದಳು. ಬಟ್ಟೆ ಬಿಚ್ಚಿದ ಮೇಲೆ ಬೆರಳು ಬಿಳಿಚಿಕೊಂಡಿತ್ತು. ಅದನ್ನು ಎರಡೂ ಅಂಗೈಗಳ ನಡುವೆ ಇಟ್ಟು ತಿಕ್ಕಿದಳು. ಮಡಚಿ ನೋಡಿದಳು, ಬಿಡಿಸಿದಳು, ಒಂದೊಂದು ಗೆಣ್ಣನ್ನೂ ಒತ್ತಿ ನೋಡಿದಳು. ಉಗುರಿನವರೆಗೂ ಬಂದು ಅಲ್ಲೇ ಹಿಡಿದುಕೊಂಡಳು.

"ಇದ್ದದ್ದನ್ನ ಯಾಕ ಕಟ್ಟತಿ?"

"ಕಟ್ಟದಿದ್ರ ಅಣ್ಣಂದು ಬರೂದಿಲ್ಲವ್ವ."

"ಬರೂದು ಬ್ಯಾಡ."

"ರೊಟ್ಟಿ ಹರೀತಾವ."

"ಹರೀಲಿ."

ಆಮೇಲೂ ಕೈ ಬಿಡಲಿಲ್ಲ. ಬೆರಳಿಗೆ ರಕ್ತ ಮರಳಿ ಕೆಂಪಾದ ಮೇಲೂ ಬಿಡಲಿಲ್ಲ. ಸೀರೆಯ ಅಂಚನ್ನು ಇನ್ನೊಂದು ಕೈಯಲ್ಲಿ ಮುದ್ದೆ ಮಾಡಿ ಹಿಡಿದಿದ್ದಳು. ಕೊನೆಗೆ ಎದ್ದು ಒಳಗೆ ಹೋದಳು, ಅದನ್ನು ಒಲೆಗೆ ಹಾಕಿರಬೇಕು, ಬಟ್ಟೆ ಸುಟ್ಟ ವಾಸನೆ ಬಂತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದಳು: "ಬಾರಸ್ತಿಯೋ, ಇಲ್ಲ ಅಂಗಡಿಗೆ ಹೊಂಟಿಯೋ?"

ಎಲ್ಲ ಬೆರಳುಗಳಿಂದಲೂ ಬಾರಿಸಿದೆ. ಅಣ್ಣ ನಿಲ್ಲುತ್ತಿದ್ದ ಜಾಗ ಬಂದು ಹೋಯಿತು, ನಾನು ನಿಲ್ಲಲಿಲ್ಲ. ಅದರ ಮುಂದೆ, ಯಾರೂ ತಪ್ಪದ ಒಂದು ಸುಲಭದ ಜಾಗದಲ್ಲಿ ಕಣ್ಣು ಮಂಜಾಗಿ ನನ್ನದೇ ಒಂದು ತಪ್ಪು ಮಾಡಿದೆ. ಪಟಪಟ ಅಲ್ಲಿ ತಡವರಿಸಿತು.

ಆ ದಿನದ ಮೊದಲ ರೊಟ್ಟಿ ನಡುವೆ ಹರಿದಿತ್ತು. ಅಪ್ಪ ಅದನ್ನೇ ಕೇಳಿ ಹಾಕಿಸಿಕೊಂಡು ತಿಂದ.