ಇಪ್ಪತ್ತೇಳನೆಯ ತಿರುವು

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ನನಗೆ ಖಚಿತವಿಲ್ಲ. ದೆವ್ವ, ಪವಾಡಗಳ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಬೇಸರ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ, ಆರು ವರ್ಷ ಪಾಠ ಮಾಡಿದವನು. ಸಾಕ್ಷಿ ಏನಿದೆ ಎಂದು ಕೇಳುವುದೇ ನನ್ನ ಕಸುಬಾಗಿತ್ತು. ಈಗ ಸಾಕ್ಷಿ ಹೇಳಬೇಕಾದವನು ನಾನೇ, ಮತ್ತು ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ. ನಮ್ಮ ಮಗು ಹೋದ ದಿನ ನಾನು ನನ್ನ ಹೆಂಡತಿಯ ಹತ್ತಿರ ಇದ್ದೆನೋ ಇಲ್ಲವೋ?

ವಾಣಿ ಬ್ಯಾಂಕಿನಲ್ಲಿ ಅಧಿಕಾರಿ. ಅವಳಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ನಾನು ಕೆಲಸ ಬಿಟ್ಟು ಜೊತೆಗೆ ಬಂದೆ. ಮಧುರವಾಡದ ಅಪಾರ್ಟ್‌ಮೆಂಟಿನಲ್ಲಿ ಇಡೀ ದಿನ ಒಬ್ಬನೇ. ಭಾಷೆ ಬಾರದ ಊರಿನಲ್ಲಿ ಮಾಡುವುದೇನು? ನಡೆಯತೊಡಗಿದೆ. ನಡೆಯುತ್ತ ಹೆಜ್ಜೆ ಎಣಿಸಿದೆ, ತಿರುವುಗಳನ್ನು ಬರೆದುಕೊಂಡೆ. ಒಂದು ಊರಿನ ನಡಿಗೆಯನ್ನು ಹಾಗೇ ಎತ್ತಿ ಇನ್ನೊಂದು ಊರಿನಲ್ಲಿ ನಡೆದರೆ ಹೇಗೆ ಎಂಬ ಯೋಚನೆ ಬಂದದ್ದು ಆಗಲೇ. ಇಲ್ಲಿ ಎಡಕ್ಕೆ ನೂರಾ ಹನ್ನೆರಡು ಹೆಜ್ಜೆಯಿದ್ದರೆ ಅಲ್ಲಿಯೂ ಅಷ್ಟೇ. ಅಡ್ಡ ಗೋಡೆ ಬಂದರೆ ಹಿಂದೆ ಬರುವ ಪ್ರೇಕ್ಷಕರಲ್ಲಿ ಯಾರಾದರೂ ಹೆಗಲು ಮುಟ್ಟುವವರೆಗೆ ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಆಮೇಲೆ ಬದಿಯ ದಾರಿ ಹಿಡಿಯಬೇಕು. ಪ್ರತಿ ತಿರುವಿನಲ್ಲೂ ಸೀಮೆಸುಣ್ಣದಿಂದ ಕನ್ನಡ ಅಂಕಿಯೊಂದನ್ನು ಬರೆಯಬೇಕು. ಇಂಥದ್ದಕ್ಕೂ ಕಲೆಯೆಂದು ಹೆಸರಿದೆ, ನೋಡಲು ಜನರೂ ಬರುತ್ತಾರೆ.

ವಾಣಿ ಬಸುರಿಯಾದ ಮೇಲೆ ಸಂಜೆ ಅವಳೂ ಬರುತ್ತಿದ್ದಳು. ಅವಳು ಮುಂದೆ, ನಾನು ಎಣಿಸುತ್ತ ಹಿಂದೆ. ಹಾಗೆ ಅವಳು ಮನಸ್ಸು ಬಂದ ಕಡೆ ತಿರುಗಿ ನಡೆದ ಒಂದು ದಾರಿಯಲ್ಲಿ ಇಪ್ಪತ್ತೇಳು ತಿರುವುಗಳಿದ್ದವು. ವಿಜಯವಾಡದ ಗೆಳೆಯ ಕಿಶೋರ್ ತಮ್ಮೂರಿನಲ್ಲಿ ಪ್ರದರ್ಶನ ಕೊಡು ಎಂದಾಗ ಅದನ್ನೇ ಆರಿಸಿದೆ. ಮುಂಚಿತವಾಗಿ ಒಂದು ಮಂಗಳವಾರ ಹೋಗಿ ದಾರಿ ನೋಡಿ ಬರುವುದೆಂದಿತ್ತು.

ಆ ಮಂಗಳವಾರದ ಬೆಳಗಿನ ಜಾವವೇ ವಾಣಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ನಾಲ್ಕನೆಯ ತಿಂಗಳು. ಮಗು ಉಳಿಯಲಿಲ್ಲ. ಹತ್ತು ಗಂಟೆಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ನನಗೆ ನೆನಪಿರುವುದು ಇಷ್ಟು: ಹಸಿರು ಕುರ್ಚಿಗಳು, ಸದ್ದಿಲ್ಲದೆ ಓಡುತ್ತಿದ್ದ ಟಿವಿ, ಅಲ್ಲಿಯೇ ಕೂತಿದ್ದ ನಾನು. ಒಮ್ಮೆ ಚಹಾಕ್ಕೆ ಕೆಳಗೆ ಹೋಗಿದ್ದೆ. ಹದಿನೈದು ನಿಮಿಷ.

ಮನೆಗೆ ಬಂದ ಮೂರನೆಯ ದಿನ ವಾಣಿ ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಹೇಳಿದಳು, "ಕಣ್ಣು ತೆರದಾಗ ಬಾಜೂಕ ಯಾರೂ ಇರಲಿಲ್ಲ. ಎಷ್ಟ್ ಸಲ ಕರದೆ ಗೊತ್ತೇನ್ರಿ?"

"ಚಾ ಕುಡ್ಯಾಕ ಹೋಗಿದ್ದೆ ಮಾರಾಯ್ತಿ. ಹದಿನೈದ್ ನಿಮಿಷ."

"ಹೌದೇನು? ಹಂಗಾದ್ರ ಅದನ್ನೂ ನಿಮ್ಮ ನೋಟ್‌ಬುಕ್ಕಿನ್ಯಾಗ ಬರಕೊಳ್ರಿ."

ಆಮೇಲೆ ಅವಳು ಆ ಮಾತೆತ್ತಲಿಲ್ಲ. ಬೇರೆ ಮಾತೂ ಕಡಿಮೆಯಾಯಿತು. ಊಟಕ್ಕೆ ಕರೆಯುತ್ತಿದ್ದಳು, ಅಷ್ಟೇ. ಅವಳು ತಪ್ಪು ತಿಳಿದಿದ್ದಾಳೆ, ಮತ್ತಿನಲ್ಲಿದ್ದವರಿಗೆ ಹೊತ್ತಿನ ಲೆಕ್ಕ ಸಿಗುವುದಿಲ್ಲ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ.

ಎರಡು ವಾರದ ನಂತರ ವಿಜಯವಾಡಕ್ಕೆ ಹೋದೆ. ಹೋಗಬಾರದಿತ್ತು. ಆದರೆ ಆ ಮನೆಯಿಂದ ಹೊರಬೀಳಲು ಒಂದು ನೆಪ ಬೇಕಿತ್ತು. ಜೀವನದಲ್ಲಿ ಮೊದಲ ಬಾರಿಗೆ ಆ ಊರಿನಲ್ಲಿ ಕಾಲಿಟ್ಟೆ. ಅದನ್ನು ಒತ್ತಿ ಹೇಳುತ್ತೇನೆ.

ಮಧ್ಯಾಹ್ನ ಮೂರಕ್ಕೆ ಕೃಷ್ಣೆಯ ಘಾಟಿನಿಂದ ಹೊರಟೆವು. ಹಿಂದೆ ಹತ್ತು ಹನ್ನೆರಡು ಜನ. ಮೋಡ ಮುಸುಕಿ ಸೆಕೆ ಹಿಡಿದಿತ್ತು. ಹಳೆಯ ಪೇಟೆಯ ಬೀದಿಗಳಲ್ಲಿ ಆರು ತಿರುವು ಕಳೆದು ಏಳನೆಯದಕ್ಕೆ ಬಂದಾಗ, ಮುಚ್ಚಿದ ಅಂಗಡಿಯೊಂದರ ಗೋಡೆಯ ಮೇಲೆ ಸೂರಿನ ಕೆಳಗೆ ಸೀಮೆಸುಣ್ಣದಲ್ಲಿ ೭ ಎಂದು ಆಗಲೇ ಬರೆದಿತ್ತು. ಅಂಕಿಯ ಕೆಳಗೊಂದು ಗೆರೆ ಎಳೆಯುವುದು ನನ್ನ ಅಭ್ಯಾಸ. ಗೆರೆಯೂ ಇತ್ತು.

ಕಿಶೋರನ ಕೆಲಸವೆಂದುಕೊಂಡೆ. ಅವನಿಗೆ ನಾನು ದಾರಿಯ ಟಿಪ್ಪಣಿ ಕಳಿಸಿದ್ದೆನಲ್ಲ. ತಿರುಗಿ ನೋಡಿದೆ. ಅವನೇ ನನ್ನನ್ನು ಕೇಳಿದ, "ಏನು ಗುರೂಗಾರೂ, ಪರೀಕ್ಷೆಗೆ ಮೊದಲೇ ಬಂದು ಕಾಪಿ ಚೀಟಿ ಇಟ್ಟು ಹೋಗಿದ್ದೀರಾ?" ಹಿಂದಿನವರು ನಕ್ಕರು. ತೆಲುಗಿನ ಹಳೆಯ ಅಂಕಿಗಳೂ ಹೆಚ್ಚುಕಡಿಮೆ ಹೀಗೇ ಇರುತ್ತವೆ, ನಿಜ. ಆದರೆ ಅವನ್ನು ಈಗ ಯಾರು ಬರೆಯುತ್ತಾರೆ? ಹನ್ನೊಂದು, ಹದಿನಾರು, ಇಪ್ಪತ್ತು. ಮಳೆ ತಾಗದ ಕಡೆಯೆಲ್ಲ ಅಂಕಿ ಉಳಿದಿತ್ತು. ನಾನು ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ನಡೆದೆ.

ಕೊನೆಯ ತಿರುವು ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿಯ ಬದಿಯಲ್ಲಿ, ಗುಡ್ಡಕ್ಕೆ ಅಂಟಿಕೊಂಡ ಮನೆಗಳ ನಡುವಿನ ಮೆಟ್ಟಿಲುಗಳ ಮೇಲೆ ಮುಗಿಯಿತು. ಮೇಲಿನ ಮನೆಯ ಬಾಗಿಲಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಪುನುಗುಲು ಎಂಬ ಸಣ್ಣ ಬೋಂಡಾ ಕರಿಯುತ್ತ ಕೂತಿದ್ದಳು. ತಲೆಯೆತ್ತಿ ನೋಡಿದವಳೇ, "ಮಳ್ಳೀ ವಚ್ಚಾವಾ ಬಾಬೂ?" ಎಂದಳು. ಮತ್ತೆ ಬಂದೆಯಾ? ಮುಂದಿನದನ್ನೂ ತೆಲುಗಿನಲ್ಲೇ ಹೇಳಿದಳು. ಅಷ್ಟು ಹೊತ್ತಿಗೆ ನನಗೆ ತೆಲುಗು ಅರ್ಥವಾಗುತ್ತಿತ್ತು.

"ಆವತ್ತು ಒಬ್ಬನೇ ಬಂದಿದ್ದೆ. ಇವತ್ತೇನು, ದಿಬ್ಬಣವನ್ನೇ ಕರೆತಂದಿದ್ದೀಯಲ್ಲ!"

ಬೇರೆ ಯಾರನ್ನೋ ನೋಡಿರಬೇಕು ಎಂದೆ. ಅವಳಿಗೆ ಸಿಟ್ಟು ಬಂತು. "ನನ್ನ ಕಣ್ಣಿಗೇನಾಗಿದೆ? ಮಂಗಳವಾರ ಅಮ್ಮನ ದರ್ಶನವಾಗದೆ ನಾನು ಒಲೆ ಹಚ್ಚುವವಳಲ್ಲ. ಗುಡಿಯಿಂದ ಬಂದಾಗ ಹನ್ನೆರಡು ಹೊಡೆದಿತ್ತು. ನೀನು ಈ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಒಂದು ಚೊಂಬು ನೀರು ಕೊಡಲಿಲ್ಲವೇ ನಾನು?" ಬಾಣಲೆಯಿಂದ ಜಾಲರಿ ಎತ್ತಿ ಹಿಡಿದು, ದನಿ ತಗ್ಗಿಸಿ ಕೇಳಿದಳು, "ಹೆಂಡತಿ ಏಳುವುದರೊಳಗೆ ಹೋಗಬೇಕು ಅಂತಿದ್ದೆಯಲ್ಲ. ಹೋಗಿ ಸೇರಿದೆಯಾ?"

ಯಾವ ಮಂಗಳವಾರವೆಂದು ಕೇಳಿದೆ. ಎರಡು ವಾರ ಹಿಂದಿನದು ಎಂದಳು. ವಾಣಿಯ ವಿಷಯ ಕಿಶೋರನಿಗೂ ನಾನು ಹೇಳಿರಲಿಲ್ಲ.

ಪ್ರೇಕ್ಷಕರು ಇದೂ ಪ್ರದರ್ಶನದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಅದಕ್ಕಿಂತ ಅಸಹ್ಯವಾದ ಸದ್ದನ್ನು ನಾನು ಕೇಳಿಲ್ಲ. ಆಮೇಲೆ ನಾನು ಯಾವ ಊರಿನಲ್ಲೂ ಹೆಜ್ಜೆ ಎಣಿಸಿಲ್ಲ.

ವಿವರಣೆಗಳಿಲ್ಲವೆಂದಲ್ಲ. ಅಂಕಿಗಳನ್ನು ಕಿಶೋರನೇ ನನ್ನ ಟಿಪ್ಪಣಿ ನೋಡಿ ಬರೆದಿರಬಹುದು, ಅವನು ಇಲ್ಲವೆನ್ನುತ್ತಾನೆ. ನನ್ನಂತೆಯೇ ಕಾಣುವ ಇನ್ನೊಬ್ಬ ಅಲ್ಲಿ ಕೂತು ಅತ್ತಿರಬಹುದು. ಆಸ್ಪತ್ರೆಗಳು ಎಲ್ಲ ಊರಿನಲ್ಲೂ ಇವೆ. ಆಕೆ ಒಂದು ಹೇಳಿ, ದುಃಖದಲ್ಲಿದ್ದ ನಾನು ಇನ್ನೊಂದು ಕೇಳಿಸಿಕೊಂಡಿರಬಹುದು. ವಿಶಾಖಪಟ್ಟಣದಿಂದ ಅಲ್ಲಿಗೆ ರೈಲಿನಲ್ಲಿ ಏನಿಲ್ಲವೆಂದರೂ ಐದಾರು ತಾಸು. ಇವನ್ನೆಲ್ಲ ಎಷ್ಟೋ ಸಲ ಜೋಡಿಸಿ ನೋಡಿದ್ದೇನೆ. ಒಂದೂ ನಿಲ್ಲುವುದಿಲ್ಲ.

ಮೂರು ತಿಂಗಳು ತಡೆದು, ವಾಣಿಗೆ ಹೇಳದೆ ಆ ಆಸ್ಪತ್ರೆಗೆ ಹೋದೆ. ರೋಗಿಯ ಕಡೆಯವರು ಹೊರಗೆ ಹೋಗುವಾಗ, ಒಳಗೆ ಬರುವಾಗ ಗೇಟಿನ ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಹಾಕಬೇಕು. ವಾಚ್‌ಮನ್ ಆ ಪುಟ ತೆಗೆದುಕೊಟ್ಟ. ನಾನು ಹೊರಗೆ ಹೋದದ್ದು ಹನ್ನೊಂದು ಮೂವತ್ತೈದಕ್ಕೆ, ಮರಳಿದ್ದು ಒಂದು ಐವತ್ತಕ್ಕೆ. ಎರಡೂ ಕಡೆ ಸಹಿ ನನ್ನದೇ. ವಾಣಿಗೆ ಪ್ರಜ್ಞೆ ಬಂದದ್ದು ಒಂದು ಗಂಟೆಗೆ ಎಂದು ಅವಳ ಡಿಸ್ಚಾರ್ಜ್ ಕಾಗದದಲ್ಲಿದೆ.