ಹಳ್ಳಕ್ಕೆ ಎರಡು ದಂಡೆ

ಆ ದಿನ ಬೆಳಿಗ್ಗೆ ಕೊಟ್ಟಿಗೆಯ ಸಗಣಿ ಬಾಚಿದೆ. ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಬಿಟ್ಟೆ. ಎಮ್ಮೆ ಕರೆದೆ, ಕಾಲಾಡಿಸಿ ಸ್ವಲ್ಪ ಚೆಲ್ಲಿತು. ಮಜ್ಜಿಗೆ ಕಡೆದು ಬೆಣ್ಣೆ ತೆಗೆದಿಟ್ಟೆ. ಅತ್ತೆಗೆ ನೀರು ಕಾಯಿಸಿ ಕೊಟ್ಟೆ. ರಾಗಿಹಿಟ್ಟು ಜರಡಿ ಹಿಡಿದೆ. ಎರಡು ದಿನದ ಹಿಂದೆ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಹುರುಳಿ ಮೊಳಕೆ ಒಡೆದಿದೆಯೇ ಎಂದು ನೋಡಿದೆ. ಮರದ ದಿಮ್ಮಿಗೆ ಸವರಲು ಹರಳೆಣ್ಣೆ ಬೇಕೆಂದು ನಮ್ಮ ಯಜಮಾನರು ಕೇಳಿದಾಗ, ತಲೆಗೆಂದು ಇಟ್ಟಿದ್ದರಲ್ಲಿ ಒಂದು ಲೋಟ ಬಗ್ಗಿಸಿ ಕೊಟ್ಟೆ. ಅಂದು ನಮ್ಮ ಹಳ್ಳ ದಾಟಲು ಅಡ್ಡಲಾಗಿ ಚಪ್ಪಡಿ ಹಾಸುವುದಿತ್ತು.

ನಮ್ಮದು ದೊಡ್ಡಬೆಳವಂಗಲದಿಂದ ಒಳಕ್ಕೆ ಇರುವ ತೋಟದ ಮನೆ. ಮನೆಯ ಹಿಂದೆ ಒಂದು ಸಣ್ಣ ಹಳ್ಳ. ಬೇಸಿಗೆಯಲ್ಲಿ ಬರೀ ಮರಳು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಮಾತ್ರ ತಿಂಗಳುಗಟ್ಟಲೆ ನೀರು, ಸೊಂಟದವರೆಗೂ. ಅಣ್ಣತಮ್ಮಂದಿರಿಗೆ ಭಾಗವಾದಾಗ ಈ ದಂಡೆಯ ಹಳೆಮನೆ ನಮಗೆ ಬಂತು, ಆ ದಂಡೆಯ ಹೊಲವೂ ಬಾವಿಯೂ ಮೈದುನನಿಗೆ ಹೋಯಿತು. ಬಾವಿಯ ನೀರು ಇಬ್ಬರಿಗೂ ಎಂದು ಹಿರಿಯರು ಮಾತು ಮಾಡಿದ್ದರು. ದಾರಿಯ ಮಾತನ್ನು ಯಾರೂ ಆಡಿರಲಿಲ್ಲ. ಆಗಿನ್ನೂ ನಮ್ಮ ಕಡೆ ಕೊಳವೆಬಾವಿಗಳು ಬಂದಿರಲಿಲ್ಲ. ನಾವು ನಮ್ಮ ದಂಡೆಯಲ್ಲಿ ತೋಡಿಸಿದ ಬಾವಿಯಲ್ಲಿ ನೀರು ಬಂತು, ಆದರೆ ಸವುಳು. ದನಕ್ಕೆ ಆಗುತ್ತಿತ್ತು, ಪಾತ್ರೆಗೆ ಆಗುತ್ತಿತ್ತು. ಕುಡಿದರೆ ಅತ್ತೆಗೆ ಹೊಟ್ಟೆ ಕೆಡುತ್ತಿತ್ತು. ಹಿಂದಿನ ವರ್ಷ ಕೋಡಿ ಹರಿದ ಕಾಲದಲ್ಲಿ ಅವರು ಹಾಸಿಗೆ ಹಿಡಿದು, ಎದ್ದಾಗ ಅರ್ಧ ಆಳಾಗಿದ್ದರು. ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗಿ ಒಂದು ಕೊಡ ಸಿಹಿನೀರು ತರುವಷ್ಟರಲ್ಲಿ ಹೊತ್ತು ನೆತ್ತಿಗೆ ಬರುತ್ತಿತ್ತು. ಇನ್ನೊಂದು ಮಳೆಗಾಲ ಅವರು ಹಾಗೆ ಮಲಗಿದರೆ ಏಳುವುದಿಲ್ಲ ಎಂದು ನನಗೂ ಯಜಮಾನರಿಗೂ ಗೊತ್ತಿತ್ತು.

ಕಷ್ಟವೆಂದರೆ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಒಂದು ಹುಣಸೆಮರದ ಫಸಲಿನಿಂದ ಶುರುವಾದದ್ದು ಎರಡು ವರ್ಷ ನಡೆದಿತ್ತು. ಹೇಳಲೇಬೇಕಾದದ್ದು ಇದ್ದರೆ ಮೈದುನ ಆ ದಂಡೆಯಲ್ಲಿ ನಿಂತು ತನ್ನ ಎತ್ತಿಗೆ ಹೇಳುತ್ತಿದ್ದ. ನಮ್ಮವರು ಈ ದಂಡೆಯಲ್ಲಿ ಎಮ್ಮೆಗೆ ಹೇಳುತ್ತಿದ್ದರು. ಇಬ್ಬರದೂ ಗಟ್ಟಿ ಗಂಟಲು. ಅತ್ತೆ ಜಗುಲಿಯ ಮೇಲೆ ಕೂತು, "ಎತ್ತು ಎಮ್ಮೆ ಜತೆ ಮಾತಾಡಕ್ಕೆ ಇಬ್ರಿಗೂ ಪುರುಸೊತ್ತೈತೆ. ಹೆತ್ತೋಳ ಜತೆ ಮಾತಾಡಕ್ಕೆ ಮಾತ್ರ ಕೆಲ್ಸ" ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಯಜಮಾನರು ನಮ್ಮ ದಂಡೆಗೆ ಕಲ್ಲುಕಟ್ಟೆ ಕಟ್ಟಿದರು. ಮರಳು ತೆಗೆದು ಗಟ್ಟಿ ನೆಲ ಸಿಗುವವರೆಗೂ ಅಗೆದು, ದಪ್ಪ ಕಲ್ಲುಗಳನ್ನು ಕೆಳಗಿಟ್ಟು, ಮೇಲೆ ಬಂದಂತೆಲ್ಲ ದಂಡೆಯ ಕಡೆಗೆ ಒರಗಿಸುತ್ತಾ ಬಂದರು. ಹಿಂದೆ ಜಲ್ಲಿ, ಮಣ್ಣು ತುಂಬಿ ದಿಮ್ಮಸಿನಿಂದ ಕುಟ್ಟಿ ಗಟ್ಟಿ ಮಾಡಿದರು. ಪಕ್ಕದಲ್ಲಿ ದಂಡೆ ಕುಸಿಯದಿರಲೆಂದು ನಾನು ಲಕ್ಕಿ ಗಿಡದ ಕಡ್ಡಿಗಳನ್ನು ನೆಟ್ಟು, ಪಾತ್ರೆ ತೊಳೆದ ನೀರು ಹಾಕಿದೆ. ಚಪ್ಪಡಿ ಕೂರಬೇಕಾದರೆ ಆಚೆಗೂ ಅಂಥದೇ ಕಟ್ಟೆ ಬೇಕು. ಮೈದುನನ ಹೆಂಡತಿ, ನನ್ನ ವಾರಗಿತ್ತಿಯ ಕೈಲಿ ಕೇಳಿಸಿದೆವು. ಉತ್ತರ ಸಂಜೆ ಎತ್ತಿಗೆ ಬಂತು.

"ಕೇಳುಸ್ಕಳಪ್ಪ, ನನ್ನ ದಂಡೇಲಿ ಯಾವನೂ ಒಂದು ಕಲ್ಲು ಇಡಂಗಿಲ್ಲ. ಇವತ್ತು ಕಲ್ಲು ಅಂತಾರೆ, ನಾಳೆ ದಾರಿ ಅಂತಾರೆ, ನಾಳಿದ್ದು ನೀನೇ ನಮ್ಮೋನು ಅಂತಾರೆ."

ಎತ್ತು ಮೆಲುಕು ಹಾಕುತ್ತಿತ್ತು.

ಭರಣಿ ಮಳೆ ಆ ವರ್ಷ ಜೋರಾಗಿಯೇ ಬಂತು. ನೀರು ಬಂದು ನಮ್ಮ ಕಟ್ಟೆಗೆ ಬಡಿದು, ಅಲ್ಲಿಂದ ತಿರುಗಿ ನೇರ ಆಚೆ ದಂಡೆಗೆ ಹೋಯಿತು. ಕಟ್ಟುವಾಗ ನಾವ್ಯಾರೂ ಅದನ್ನು ಯೋಚಿಸಿರಲಿಲ್ಲ. ಒಂದು ಕಡೆ ಗಟ್ಟಿಯಾದರೆ ನೀರು ಮೆತ್ತಗಿರುವ ಕಡೆ ಹಲ್ಲು ಹಾಕುತ್ತದೆ. ಆ ಕಡೆ ಮೈದುನನ ತಿಪ್ಪೆ ಇತ್ತು, ಹೊಲಕ್ಕೆ ಹೊಡೆಯಲು ಸಿದ್ಧವಾಗಿದ್ದ ಗೊಬ್ಬರ. ಬೆಳಗಾಗುವಾಗ ತಿಪ್ಪೆಯಲ್ಲಿ ಅರ್ಧ ಇರಲಿಲ್ಲ.

"ನೋಡ್ದೇನಪ್ಪಾ," ಎಂದ ಎತ್ತಿಗೆ. "ಕೆಲವ್ರು ಕಟ್ಟೆ ಕಟ್ಕಂಡು ಸುಖವಾಗವ್ರೆ. ನನ್ನ ಗೊಬ್ರ ಯಾವೂರ ಗದ್ದೆಗೆ ಹೋಯ್ತೋ, ಆ ಶಿವನಿಗೇ ಗೊತ್ತು."

"ನೀರಿಗೆ ನಾನೇನು ದಾರಿ ಹೇಳ್ಕೊಟ್ಟಿಲ್ಲ ಕಣೇ," ಎಂದರು ನಮ್ಮವರು ಎಮ್ಮೆಗೆ.

ಉಳಿದ ತಿಪ್ಪೆಯನ್ನು ಉಳಿಸಿಕೊಳ್ಳಲು ಮೈದುನ ತಾನೇ ಕಲ್ಲು ಹೊರತೊಡಗಿದ. ವಾರಗಿತ್ತಿ ನೀರಿನ ನೆಪದಲ್ಲಿ ದಂಡೆಗೆ ಬಂದು ನಕ್ಕಳು. "ಸೇತುವೆಗಲ್ಲವಂತೆ ಕಣಕ್ಕ, ತಿಪ್ಪೆಗಂತೆ. ಎರಡೆರಡು ಸಲ ಹೇಳುದ್ರು, ನಾನು ಕೇಳ್ದೇ ಇದ್ರೂನೂವೆ."

ಅವನು ಅವಸರದ ಮನುಷ್ಯ. ಮರಳಿನ ಮೇಲೆಯೇ ಕಲ್ಲಿಟ್ಟು ಗೋಡೆಯಂತೆ ನೆಟ್ಟಗೆ ಎಬ್ಬಿಸಿದ. ಯಜಮಾನರು ದಿನಾ ನೋಡುತ್ತಿದ್ದರು, ಹೇಳುವಂತಿರಲಿಲ್ಲ. ಪುನರ್ವಸು ಮಳೆಯ ಒಂದು ಹೊಡೆತಕ್ಕೆ ಅದು ಮುಂದಕ್ಕೆ ಮುಗ್ಗರಿಸಿ ಹಳ್ಳಕ್ಕೆ ಬಿತ್ತು. ಮಾರನೆಯ ದಿನ ಅವನು ಬಿದ್ದ ಕಲ್ಲುಗಳ ಮಧ್ಯೆ ನಿಂತಿದ್ದಾಗ, ನಮ್ಮವರು ಎಮ್ಮೆಯನ್ನು ದಂಡೆಯ ತನಕ ಹಿಡಿದುಕೊಂಡು ಹೋದರು. ಅದಕ್ಕೆ ಅಲ್ಲಿ ಮೇವೂ ಇರಲಿಲ್ಲ, ನೆರಳೂ ಇರಲಿಲ್ಲ.

"ನಿಂಗೇ ಗೊತ್ತೈತೆ," ಎಂದರು ಅದರ ಬೆನ್ನು ಸವರುತ್ತಾ. "ಮರಳು ಪೂರಾ ತೆಗೀಬೇಕು. ಗಟ್ಟಿ ನೆಲಕ್ಕೆ ಹಾರೆ ಹಾಕುದ್ರೆ ಠಣ್ ಅನ್ಬೇಕು. ಆಮೇಲೆ ಕಲ್ಲು. ಒಂದೊಂದು ವರಸೆನೂ ಒಳಕ್ಕೆ ಒರಗ್ಬೇಕು, ನಿಮ್ಮಪ್ಪ ಗೋಡೆಗೆ ಒರಗಿ ಕೂತ್ಕಂಡಂಗೆ."

"ಎಮ್ಮೆ ಅಪ್ಪ ಯಾವ ಗೋಡೆಗೆ ಒರಗಿದ್ನಂತೆ, ಕೇಳೋ ಎತ್ತೇ," ಎಂದು ಆಚೆಯಿಂದ ಬಂತು. ಆದರೆ ಮಧ್ಯಾಹ್ನದಿಂದ ಅವನು ಮರಳು ತೆಗೆಯುತ್ತಿದ್ದ. ಹಾರೆ ಠಣ್ ಎಂದದ್ದು ನಮ್ಮ ಅಡುಗೆಮನೆಗೂ ಕೇಳಿಸಿತು.

ಎರಡನೆಯ ಸಲದ ಕಟ್ಟೆ ನಿಂತಿತು. ಎರಡು ಕಟ್ಟೆಗಳ ನಡುವಿನ ಜಾಗ ಎರಡು ಮಾರಿಗಿಂತ ಕಡಿಮೆಯಾಯಿತು. ಅವನ ಕಟ್ಟೆ ನಮ್ಮದರ ಎತ್ತರಕ್ಕೆ ಸರಿಯಾಗಿ ನಿಂತಿದ್ದು ಹೇಗೆಂದು ವಾರಗಿತ್ತಿಯನ್ನು ಕೇಳಿದೆ. ಒಂದು ದಿನ ನಾವು ಹೊಲದಲ್ಲಿದ್ದಾಗ ನಮ್ಮ ಕಟ್ಟೆಗೂ ಅವನದಕ್ಕೂ ಹಗ್ಗ ಎಳೆದು ಮಟ್ಟ ನೋಡಿದ್ದನಂತೆ. "ನೀರು ಎಲ್ಲಿಗಂಟ ಬರ್ತೈತೆ ಅಂತ ನೋಡ್ದೆ ಅಂದ್ರು. ನಾನೂ ಹೂಂ ಅಂದೆ."

ಚಪ್ಪಡಿ ಹೊರಗಿಂದ ತರಬೇಕಿರಲಿಲ್ಲ. ಬಿದ್ದುಹೋದ ಹಳೆಯ ಕೊಟ್ಟಿಗೆಯ ಎರಡು ಉದ್ದನೆಯ ಚಪ್ಪಡಿಗಳು ನಮ್ಮ ಹಿತ್ತಲಲ್ಲೇ ಬಿದ್ದಿದ್ದವು. ಇಬ್ಬರು ಆಳುಗಳನ್ನು ಕರೆಸಿ, ಉತ್ತರೆ ಮಳೆಗೆ ಮುಂಚೆ ಒಂದು ದಿನ ಗೊತ್ತು ಮಾಡಿದೆವು. ಎರಡು ನೀಲಗಿರಿ ದಿಮ್ಮಿಗಳನ್ನು ಹಳ್ಳಕ್ಕೆ ಅಡ್ಡ ಹಾಕಿ, ಎಣ್ಣೆ ಸವರಿ, ಅವುಗಳ ಮೇಲೆ ಚಪ್ಪಡಿ ಜಾರಿಸಿ ಆಚೆಗೆ ಮುಟ್ಟಿಸುವುದು. ಆಮೇಲೆ ಹಾರೆಯಿಂದ ಮೀಟಿ ದಿಮ್ಮಿ ಎಳೆದುಕೊಳ್ಳುವುದು. ದಿಮ್ಮಿಯ ತುದಿ ಅವನ ಕಟ್ಟೆಯ ಮೇಲೆಯೇ ಕೂರಬೇಕಿತ್ತು. ಆ ದಿನ ವಾರಗಿತ್ತಿ ಯಾರನ್ನೂ ಕೇಳದೆ ತುದಿಗಳನ್ನು ಹಿಡಿದು ಸರಿಮಾಡಿದಳು.

ಮೈದುನ ತಿಪ್ಪೆಯ ಪಕ್ಕದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. "ಏನೇ ಅದು?" ಎಂದ.

"ದಿಮ್ಮಿ. ನೀವು ಕಲ್ಲು ಇಡಬ್ಯಾಡಿ ಅಂದಿದ್ರಿ. ಮರಕ್ಕೇನೂ ಅಂದಿರ್ಲಿಲ್ವಲ್ಲ."

ಅವನು ಹಗ್ಗ ಹೊಸೆಯುವುದನ್ನು ಮುಂದುವರಿಸಿದ. ಅಲ್ಲಿಂದ ಎದ್ದು ಹೋಗಲಿಲ್ಲ.

ಮೊದಲ ಚಪ್ಪಡಿ ಅರ್ಧ ದಾರಿ ಸಲೀಸಾಗಿ ಹೋಯಿತು. ಆಮೇಲೆ ಭಾರಕ್ಕೆ ಒಂದು ದಿಮ್ಮಿ ಆಚೆ ತುದಿಯಲ್ಲಿ ಉರುಳತೊಡಗಿತು. ಚಪ್ಪಡಿ ಒಂದು ಕಡೆಗೆ ವಾಲಿತು. ಆಳುಗಳು ಈ ಕಡೆಯಿಂದ ಹಗ್ಗ ಬಿಗಿಹಿಡಿದರು, ಯಜಮಾನರು ಕೈಯಲ್ಲೇ ತಡೆಯಲು ಹೋದರು. ಹಳ್ಳಕ್ಕೆ ಬಿದ್ದರೆ ಅದು ಎರಡು ತುಂಡು, ಅದರ ಬದಲಿಗೆ ಆ ವರ್ಷ ಬೇರೆ ಸಿಗುವುದಿಲ್ಲ. ಜಗುಲಿಯಿಂದ ಅತ್ತೆ ಎದ್ದು ನಿಂತದ್ದನ್ನು ಕಂಡೆ. ಅಷ್ಟರಲ್ಲಿ ಮೈದುನ ಕಟ್ಟೆಯ ಮೇಲಿದ್ದ. ಹಾರೆಯನ್ನು ದಿಮ್ಮಿಯ ಅಡಿಗೆ ಕೊಟ್ಟು ಮೈಭಾರ ಬಿಟ್ಟಿದ್ದ.

"ಎಡಕ್ಕೆ! ಅಣ್ಣಾ, ಎಡಕ್ಕೆ ತಳ್ಳು ಅಂದ್ರೆ! ಕೈ ತೆಗಿ ಅಲ್ಲಿಂದ, ಬೆರಳು ಹೋದಾವು!"

"ತೆಗ್ದೆ ಕಣ್ಲಾ! ನೀನು ಬಿಡಬ್ಯಾಡ!"

"ನಾನ್ಯಾಕ್ ಬಿಡ್ಲಿ, ನನ್ ಕಾಲ್ ಮೇಲೇ ಬೀಳ್ತದೆ!"

ಚಪ್ಪಡಿ ಇನ್ನೊಂದು ಮೊಳ ಜಾರಿ ಅವನ ಕಟ್ಟೆಯ ಮೇಲೆ ಕೂತಿತು. ಎರಡನೆಯದಕ್ಕೆ ಅವನು ಮೊದಲಿನಿಂದಲೇ ಹಾರೆ ಹಿಡಿದು ನಿಂತಿದ್ದ. ಅಲುಗುತ್ತಿದ್ದ ಮೂಲೆಗೆ ಇಬ್ಬರೂ ಹಳ್ಳಕ್ಕಿಳಿದು ಚಕ್ಕೆ ಕಲ್ಲು ಬಡಿದರು. ಕೆಲಸ ಮುಗಿದ ಮೇಲೆ ಮೈದುನ ಕೈ ತೊಳೆದು, ಎತ್ತಿನ ಹತ್ತಿರ ಹೋಗಿ, "ಗಾಡಿ ಮಾತ್ರ ಹೊಡೀಬ್ಯಾಡಿ ಅನ್ನು, ಕಟ್ಟೆ ತಡ್ಯಲ್ಲ" ಎಂದ. ಅವರ ಮಾತು ಸರಿಹೋಯಿತೆಂದು ನಾನು ಹೇಳಲಾರೆ. ಆಮೇಲೂ ಬಹಳ ಕಾಲ ಎತ್ತು ಎಮ್ಮೆಗಳೇ ನಡುವೆ ಇದ್ದವು. ಕಲ್ಲು, ನೀರು, ಕಟ್ಟೆಯ ವಿಷಯ ಬಂದಾಗ ಮಾತ್ರ ನೇರ ಮಾತಾಡುತ್ತಿದ್ದರು.

ಸಂಜೆ ನಾನು ಆಚೆ ಬಾವಿಗೆ ಹೋಗಿ ಎರಡು ಕೊಡ ನೀರು ತಂದೆ. ಸೀರೆ ಎತ್ತಿ ಕಟ್ಟಬೇಕಾಗಲಿಲ್ಲ. ರಾತ್ರಿಗೆ ಮುದ್ದೆ, ಬದನೆಕಾಯಿ ಹಾಕಿದ ಮೊಳಕೆ ಹುರುಳಿ ಸಾರು, ಮಜ್ಜಿಗೆ. ಆಳುಗಳು ನಮ್ಮಲ್ಲೇ ಉಂಡರು. ಮೈದುನ ಬರಲಿಲ್ಲ, ನಮ್ಮವರು ಕರೆಯಲೂ ಇಲ್ಲ. ವಾರಗಿತ್ತಿ ಬಂದು ಬೋಗುಣಿಯಲ್ಲಿ ಸಾರು ಹಾಕಿಸಿಕೊಂಡು ಚಪ್ಪಡಿಯ ಮೇಲೇ ನಡೆದು ಹೋದಳು. ಅತ್ತೆ ಅರ್ಧ ಮುದ್ದೆ ಉಂಡು, ಒಂದು ಚೆಂಬು ನೀರು ಪೂರ್ತಿ ಕುಡಿದು, ಗೋಡೆಯ ಕಡೆ ತಿರುಗಿ ಮಲಗಿದರು. ಮೊದಲು ನಿದ್ದೆ ಹೋದವರು ಅವರೇ. ಯಜಮಾನರು ಚಪ್ಪಡಿಗೆ ತರಚಿದ್ದ ಬೆರಳಿಗೆ ಅರಿಶಿನ ಹಚ್ಚಿಸಿಕೊಂಡು ಆಮೇಲೆ ಮಲಗಿದರು.