ಒಂದನೇ ಚುಕ್ಕಿ ಯಾವ ಕೈಯದು

ಯಂತ್ರ ಮನೆಗೆ ಬಂದ ದಿನ ಅವ್ವ ಅದರ ಮೇಲೆಲ್ಲ ಕೈಯಾಡಿಸಿ, "ಹಾರ್ಮೋನಿಯಂ ಮರಿ ಇದ್ದಂಗ ಐತಲ್ಲವ್ವ ಇದು" ಅಂದಳು. ನನಗೂ ಹಾಗೇ ಅನ್ನಿಸಿತ್ತು. ಮುಂದೆ ಸಣ್ಣ ತೂತುಗಳ ಒಂದು ಸಾಲು. ಕಂಪ್ಯೂಟರಿನಲ್ಲಿರುವ ಬರಹ ಅಲ್ಲಿ ಬ್ರೈಲ್ ಚುಕ್ಕಿಗಳಾಗಿ ಎದ್ದು ನಿಲ್ಲುತ್ತದೆ; ಓದಿ ಗುಂಡಿ ಒತ್ತಿದರೆ ಚುಕ್ಕಿಗಳು ಇಳಿದು ಬೇರೆ ಸಾಲು ಏಳುತ್ತದೆ. ಅದರ ಹಿಂದೆ ಬ್ರೈಲ್ ಅಕ್ಷರದ ಆರು ಚುಕ್ಕಿಗಳಿಗೆ ಆರು ಗುಂಡಿ, ಅತ್ತ ಮೂರು ಇತ್ತ ಮೂರು; ನಡುವೆ ಉದ್ದನೆಯ ಸ್ಪೇಸ್ ಪಟ್ಟಿ.

ನಾನು ಹುಟ್ಟು ಕುರುಡಿ. ಮೂಡಲಗಿ ಕಡೆಯ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು, ಎಂ.ಎ. ಮುಗಿಸಿದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗೋಕಾಕದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇತಿಹಾಸ ಹೇಳುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿ ಪುಸ್ತಕ ಓದುವುದು, ನಾನು ವಿವರಿಸುವುದು, ಹೀಗೆ ನಡೆದಿತ್ತು. ಒಂದು ದಿನ ಪ್ರಾಂಶುಪಾಲರು ಕರೆದರು.

"ನೀವು ಛಲೋ ಹೇಳತೀರಿ, ಖರೆ. ಆದ್ರ ಓದಾಕಿ ಬ್ಯಾರೆ, ಹೇಳಾಕಿ ಬ್ಯಾರೆ ಆದ್ರ ಅದು ಯಾರ ಪಾಠ ಆತ್ರಿ?"

"ಯಂತ್ರ ಬಂದೈತ್ರಿ ಸರ್. ನಾನ ಓದತೇನಿ."

"ಹಂಗಾರ ಸೋಮವಾರ ನಾನೂ ಬಂದು ಕುಂದರತೇನಿ. ಆಗದಿದ್ರ ಮನಸಿಗೆ ಹಚ್ಕೋಬ್ಯಾಡ್ರಿ, ಗ್ರಂಥಾಲಯದಾಗ ಏನರ ಕೆಲಸ ನೋಡೂಣು."

ಗ್ರಂಥಾಲಯದಲ್ಲಿ ನಾನು ಮುಟ್ಟಿ ಓದಬಲ್ಲ ಪುಸ್ತಕ ಒಂದೂ ಇರಲಿಲ್ಲ. ಅಲ್ಲಿ ಕೂತು ಮಾಡುವುದೇನು?

ತಂಗಿ ಪಾಠವನ್ನೆಲ್ಲ ಟೈಪ್ ಮಾಡಿ ಕಂಪ್ಯೂಟರಿಗೆ ಹಾಕಿಕೊಟ್ಟಳು. ಯಂತ್ರದ ಜೊತೆ ಬಂದ ಸೂಚನೆಗಳನ್ನೂ ಅವಳೇ ಓದಿ ಹೇಳಿದಳು. ಸ್ಪೇಸ್ ಜೊತೆ ಒಂದನೇ ಚುಕ್ಕಿ ಒತ್ತಿದರೆ ಹಿಂದಿನ ಸಾಲು, ನಾಲ್ಕನೆಯದು ಒತ್ತಿದರೆ ಮುಂದಿನ ಸಾಲು. ಒಂದು, ಎರಡು, ಮೂರು ಒಟ್ಟಿಗೆ ಒತ್ತಿದರೆ ಪಾಠದ ಆರಂಭ. ನಾಲ್ಕು, ಐದು, ಆರು ಒತ್ತಿದರೆ ಕೊನೆ. ಇಷ್ಟೇ. ಕೇಳಿದ ಕೂಡಲೇ ಬಾಯಿಪಾಠವಾಯಿತು.

ಆದರೆ ಯಂತ್ರ ನನ್ನ ಮಾತು ಕೇಳಲೊಲ್ಲದು. ಹಿಂದಕ್ಕೆ ಹೋಗೆಂದರೆ ಮುಂದಕ್ಕೆ ಓಡುತ್ತಿತ್ತು. ಆರಂಭಕ್ಕೆ ಹೋಗಲು ಒತ್ತಿದರೆ ಕಟ್ಟಕಡೆಯ ಸಾಲು ಬೆರಳಿಗೆ ಸಿಗುತ್ತಿತ್ತು. ಆಫ್ ಮಾಡಿ ಆನ್ ಮಾಡಿದೆ. ತಂಗಿಗೆ ಸೂಚನೆಗಳನ್ನು ಮತ್ತೆ ಓದಿಸಿದೆ, ಅವಳು ಸಿಟ್ಟಾದಳು. ಯಂತ್ರ ಕೆಟ್ಟಿದೆಯೋ, ನನ್ನ ತಲೆ ಕೆಟ್ಟಿದೆಯೋ ಗೊತ್ತಾಗಲಿಲ್ಲ. ಪದವಿಯ ಸೊಕ್ಕೆಲ್ಲ ಆರು ಗುಂಡಿಗಳ ಮುಂದೆ ಇಳಿದುಹೋಯಿತು.

ಭಾನುವಾರ ಹುಕ್ಕೇರಿಯ ಗೆಳತಿಗೆ ಫೋನು ಮಾಡಿದೆ. ಅಂಧರ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಈಗ ಅವಳು ಬ್ಯಾಂಕಿನಲ್ಲಿದ್ದಾಳೆ, ಇಂಥದೇ ಯಂತ್ರ ಬಳಸುತ್ತಾಳೆ. ನನ್ನ ಗೋಳನ್ನೆಲ್ಲ ಕೇಳಿ, "ಒಂದನೇ ಚುಕ್ಕಿ ಯಾವ ಕೈಲೆ ಒತ್ತಾಕತ್ತಿ?" ಅಂದಳು.

"ಬಲಗೈಲೆ. ಮತ್ಯಾವ ಕೈಲೆ?"

ಅತ್ತ ಕಡೆಯಿಂದ ನಗು ನಿಲ್ಲಲೇ ಇಲ್ಲ. "ಏ ಹುಚ್ಚಿ, ಅದೇನು ಸಾಲ್ಯಾಗಿನ ಪಟ್ಟಿ ಅಂತ ತಿಳದೀ? ಇಲ್ಲಿ ಹಾಳಿ ಹೊಳ್ಳಿಸೂದ ಇಲ್ಲ. ಎಂ.ಎ. ಮಾಡಿದಾಕಿ ಅಂತ, ನೋಡು ಇಕಿನ್ನ."

ಆಗ ಹೊಳೆಯಿತು. ನಮ್ಮ ಶಾಲೆಯಲ್ಲಿ ಬ್ರೈಲ್ ಟೈಪ್ ಯಂತ್ರ ಇರಲಿಲ್ಲ. ಹಾಳೆಯನ್ನು ತೂತಿನ ಪಟ್ಟಿಯಲ್ಲಿ ಸಿಕ್ಕಿಸಿ, ಮೊಳೆಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಬರೆಯುತ್ತಿದ್ದೆವು. ಓದಲು ಹಾಳೆ ತಿರುವಬೇಕು. ತಿರುವಿದಾಗ ಚುಕ್ಕಿ ಸರಿಯಾಗಿ ಬರಲೆಂದು ಒಂದನೆಯದನ್ನು ಬಲಗಡೆಗೇ ಚುಚ್ಚುವುದು. ಬರೆಯುವಾಗ ಒಂದು ಎಂದರೆ ಬಲ ಎನ್ನುವುದು ನನ್ನ ಕೈಗೆ ಎಷ್ಟು ಹತ್ತಿಬಿಟ್ಟಿತ್ತೆಂದರೆ, ಯಂತ್ರದಲ್ಲಿ ಅದು ಎಡಗೈ ತೋರುಬೆರಳಿನದು ಇರಬಹುದು ಎಂಬ ಸಂಶಯವೇ ನನಗೆ ಬಂದಿರಲಿಲ್ಲ.

ಕಾರಣ ಗೊತ್ತಾದರೂ ಗೊಂದಲ ಕಳೆಯಲಿಲ್ಲ. ಎಡ ಅಂತ ತಲೆ ಹೇಳುವಷ್ಟರಲ್ಲಿ ಬಲಗೈ ಒತ್ತಿಬಿಟ್ಟಿರುತ್ತಿತ್ತು.

ಸೋಮವಾರ ಪ್ರಾಂಶುಪಾಲರು ಹಿಂದಿನ ಬೆಂಚಿನಲ್ಲಿ ಕೂತದ್ದು ಅವರ ಕೆಮ್ಮಿನಿಂದ ತಿಳಿಯಿತು. ಪಾಠದ ಆರಂಭಕ್ಕೆಂದು ಗುಂಡಿ ಒತ್ತಿ, ಬೆರಳಾಡಿಸಿ, ಗಟ್ಟಿಯಾಗಿ ಓದಿದೆ: "ಹೀಗೆ ಆ ರಾಜ್ಯ ಅಳಿದುಹೋಯಿತು."

ಯಾರೋ ಕಿಸಕ್ಕೆಂದರು. ರಾಜ್ಯವನ್ನು ನಾನಿನ್ನೂ ಹುಟ್ಟಿಸಿಯೇ ಇರಲಿಲ್ಲ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ, "ಪುಸ್ತಕ ತಗೀಲೇನ್ರಿ ಮೇಡಮ್?" ಅಂದಳು. ಹೂಂ ಅನ್ನುವುದು ಬಹಳ ಸುಲಭವಿತ್ತು.

"ಬ್ಯಾಡವ್ವ, ತಡಿ."

ಬಲಗೈಯನ್ನು ಎತ್ತಿ ಬೆನ್ನ ಹಿಂದೆ ಇಟ್ಟುಕೊಂಡೆ. ಎಡಗೈಯ ಮೂರು ಬೆರಳು, ಸ್ಪೇಸ್ ಪಟ್ಟಿಗೆ ಅದೇ ಕೈಯ ಹೆಬ್ಬೆರಳು. ಒತ್ತಿದೆ. ಚುಕ್ಕಿಗಳು ಸರ್ರನೆ ಇಳಿದು ಎದ್ದವು. ಮೊದಲ ಸಾಲು ಸಿಕ್ಕಿತು. ಗಂಟೆ ಬಾರಿಸುವವರೆಗೆ ಓದಿದೆ, ಹೇಳಿದೆ, ಓದಿದೆ. ನಡುವೆ ಎರಡು ಸಲ ದಾರಿ ತಪ್ಪಿದೆ, ಎರಡು ಸಲವೂ ಬಲಗೈ ಬೆನ್ನ ಹಿಂದೆ ಹೋಯಿತು.

ಹೊರಗೆ ಬಂದ ಮೇಲೆ ಪ್ರಾಂಶುಪಾಲರು ಕೇಳಿದರು. "ಅಲ್ರಿ, ರಾಜ್ಯ ಮೊದಲ ಮುಳುಗಿಸಿಬಿಟ್ರಲ್ಲ?"

"ಕಡೀಕ ಏನಾಗತೈತಿ ಅಂತ ಹುಡುಗರಿಗೆ ಗೊತ್ತಿರಲಿ ಅಂತ್ರಿ ಸರ್."

ಅವರು ನಕ್ಕರು. "ನಾಳಿಂದ ಆ ಹುಡುಗಿಗೆ ಪುಸ್ತಕ ಮುಚ್ಚಿಡಾಕ ಹೇಳ್ರಿ."

ಗ್ರಂಥಾಲಯದ ಮಾತು ಮತ್ತೆ ಬರಲಿಲ್ಲ.

ಈಗ ಕೈ ಯಂತ್ರಕ್ಕೆ ಒಗ್ಗಿದೆ. ಆದರೆ ಮೊನ್ನೆ ಅಡುಗೆಮನೆಯ ಡಬ್ಬಿಗೆ ಅಂಟಿಸಲು ಹಳೆಯ ಪಟ್ಟಿಯಲ್ಲಿ 'ಸಕ್ಕರಿ' ಎಂದು ಚುಚ್ಚಿ, ಹಾಳೆ ತಿರುವಿ ಮುಟ್ಟಿದರೆ ಏನೂ ಅರ್ಥವಾಗದ ಅಕ್ಷರಗಳು. ಎಲ್ಲಾ ಚುಕ್ಕಿ ತಿರುವುಮುರುವು. "ಏನಾತ?" ಅಂದಳು ಅವ್ವ. ಡಬ್ಬಿ ಕೆಳಗಿಟ್ಟು ಇನ್ನೊಂದು ಹಾಳೆ ಸಿಕ್ಕಿಸಿದೆ. ಒಂದನೆಯದು ಯಾವ ಕಡೆಗೆ ಎಂದು ಕೈಗೆ ನೆನಪಾಗಲೇ ಇಲ್ಲ.